ಹಿತ್ತಾಳೆ ಲೈಟರಿನ ಹೊಟ್ಟೆಕಿಚ್ಚು

ನಾನು ಒಂದು ಲೈಟರು. ಬೀಡಾ ಅಂಗಡಿಯಲ್ಲಿ ಡಜನ್ನುಗಟ್ಟಲೆ ನೇತಾಡುವ, ಗ್ಯಾಸು ಮುಗಿದರೆ ಚರಂಡಿಗೆ ಬೀಳುವ ಪ್ಲಾಸ್ಟಿಕ್ ಜಾತಿಯದಲ್ಲ. ಹಿತ್ತಾಳೆಯದು. ಒಬ್ಬ ಮನುಷ್ಯ ಕೈಯಾರೆ ಮಾಡಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಒಂದು ವಸ್ತುವನ್ನು ಬಾಯಿಗೆ ಬಂದಂತೆ ಬಯ್ಯಲಿದ್ದೇನೆ, ಆಗ ನೀವು ‘ಇದರ ಯೋಗ್ಯತೆ ಎಷ್ಟು’ ಎಂದು ಕೇಳಬಾರದು.

ನಾನು ಹುಟ್ಟಿದ್ದು ಹುಬ್ಬಳ್ಳಿಯ ಒಂದು ಲೇತ್ ಅಂಗಡಿಯಲ್ಲಿ. ಅಲ್ಲಿ ನೀರಿನ ಪಂಪುಗಳಿಗೆ ಬುಷ್ ಎಂಬ ಹಿತ್ತಾಳೆಯ ಉಂಗುರ ಕಡೆಯುತ್ತಿದ್ದರು. ಕಡೆದು ಉಳಿದ ಗೇಣುದ್ದದ ತುಂಡೊಂದು ಮೂಲೆಯಲ್ಲಿ ಬಿದ್ದಿತ್ತು. ಇಮಾಮಸಾಬ ನದಾಫ ಎಂಬ ಟರ್ನರ್, ಅಲ್ಲಿ ಲೇತ್ ನಡೆಸುವವನು, ಮಾಲೀಕರನ್ನು ಕೇಳಿ ಅದನ್ನು ಎತ್ತಿಕೊಂಡ. ಮಧ್ಯಾಹ್ನ ಉಳಿದವರು ರೊಟ್ಟಿ ಗಂಟು ಬಿಚ್ಚಿ ಕೂತಾಗ ತಾನು ಬೇಗಬೇಗ ಉಂಡು ನನ್ನನ್ನು ಲೇತಿಗೆ ಕಚ್ಚಿಸುತ್ತಿದ್ದ. ಹದಿನೈದು ದಿನ ಹಿಡಿಯಿತು. ಹೊಟ್ಟೆ ಕೊರೆದ, ಮೈ ನುಣುಪು ಮಾಡಿದ, ತಲೆಯ ಮೇಲೆ ಹಲ್ಲು ಹಲ್ಲಿನ ಪುಟ್ಟ ಗಾಲಿ ಕೂರಿಸಿದ, ಅದರ ಕೆಳಗೆ ಸ್ಪ್ರಿಂಗಿನ ಮೇಲೆ ಚಕಮಕಿ ಕಲ್ಲು ಇಟ್ಟ. ಅವನ ಮನೆತನ ಹತ್ತಿ ಹಿಂಜಿ ಗಾದಿ ಹೊಲಿಯುವವರದು. ಮನೆಯಿಂದ ಒಂದು ಹಿಡಿ ಹತ್ತಿ ತಂದು ನನ್ನ ಹೊಟ್ಟೆಗೆ ತುರುಕಿ, ಬತ್ತಿ ಇಳಿಬಿಟ್ಟು, ಪೆಟ್ರೋಲು ಹನಿಸಿದ. ಹೆಬ್ಬೆರಳಿನಿಂದ ಗಾಲಿ ತಿರುವಿದಾಗ ಭಗ್ಗನೆ ಹೊತ್ತಿಕೊಂಡೆ. ಹೊಟ್ಟೆಯಲ್ಲಿ ಕಿಚ್ಚಿಟ್ಟುಕೊಂಡೇ ಹುಟ್ಟಿದವರಿಗೆ ಹೊಟ್ಟೆಕಿಚ್ಚು ಬಾರದೆ ಇನ್ನೇನು ಬರುತ್ತದೆ ಹೇಳಿ.

ಹನ್ನೊಂದು ವರ್ಷ ಇಮಾಮಸಾಬನ ಅಂಗಿಯ ಕಿಸೆಯೇ ನನ್ನ ಮನೆಯಾಗಿತ್ತು. ಬೆಳಿಗ್ಗೆ ಎದ್ದರೆ ಹೆಂಡತಿಯ ಮುಖ ನೋಡುವ ಮೊದಲು ಅವನ ಕೈ ನನ್ನನ್ನು ತಡಕುತ್ತಿತ್ತು, ಬೀಡಿಗಾಗಿ. ಹಾಗೆ ತಡಕುವುದನ್ನೇ ನಾನು ಪ್ರೀತಿ ಎಂದುಕೊಂಡಿದ್ದೆ. ಅದರ ಜೊತೆಜೊತೆಗೆ ಬೆಳೆಯುತ್ತಿದ್ದ ಅವನ ಕೆಮ್ಮು ನನಗೆ ಕೇಳಿಸುತ್ತಿರಲಿಲ್ಲ ಎಂದರೆ ಸುಳ್ಳಾದೀತು. ಕೇಳಿಸುತ್ತಿತ್ತು. ಅದು ನನಗೆ ಸಂಬಂಧಿಸಿದ್ದಲ್ಲ ಎಂದು ಸುಮ್ಮನಿದ್ದೆ.

ಅವನ ಮಗಳ ಮದುವೆಗೆ ಗದಗಿನಿಂದ ಬ್ಯಾಂಡಿನವರು ಬಂದಿದ್ದರು. ಮೆರವಣಿಗೆಯ ನಡುವೆ ಕ್ಲಾರಿನೆಟ್ಟಿನ ಸ್ವರ ಇದ್ದಕ್ಕಿದ್ದಂತೆ ಸೀಳಿತು. ತೂತು ಮುಚ್ಚುವ ಕೀಲಿಯ ಕೆಳಗಿನ ಪ್ಯಾಡು ಕಳಚಿ ಬಿದ್ದು, ಊದಿದ ಗಾಳಿಯೆಲ್ಲ ಅಲ್ಲಿಂದಲೇ ಸೋರುತ್ತಿತ್ತು. ನುಡಿಸುತ್ತಿದ್ದವನು ಯಮನಪ್ಪ ಭಜಂತ್ರಿ, ಆಗಿನ್ನೂ ಇಪ್ಪತ್ತೆಂಟರವನು. ಅವನ ಪೆಟ್ಟಿಗೆಯಲ್ಲಿ ಅರಗಿನ ತುಂಡಿತ್ತು, ಬೆಂಕಿ ಇರಲಿಲ್ಲ. ಇಮಾಮಸಾಬ ಯಂತ್ರದ ಮನುಷ್ಯ. ನನ್ನನ್ನು ಹೊರತೆಗೆದು, ನನ್ನ ಉರಿಯಲ್ಲಿ ಅರಗು ಕರಗಿಸಿ, ಪ್ಯಾಡನ್ನು ಕೂರಿಸಿ ಒತ್ತಿ ಹಿಡಿದ. ಸ್ವರ ಮೊದಲಿನಂತಾಯಿತು.

“ಇದನ್ನ ನೀವ ಇಟ್ಕೋರಿ ಮಾಸ್ತರ,” ಎಂದ ಇಮಾಮಸಾಬ. “ಬೀಡಿ ಬಿಡು ಅಂತ ಡಾಕ್ಟರ್ ಹೇಳ್ಯಾರ. ಇದು ಕಿಸೇದಾಗ ಇದ್ರ ನನ್ನ ಕಡಿಂದ ಬಿಡಾಕ ಆಗೂದಿಲ್ಲ. ನಿಮ್ಮ ವಾದ್ಯದ ಕೆಲಸಕ್ಕ ಇರಲಿ.”

ಹನ್ನೊಂದು ವರ್ಷದ ನಂಟನ್ನು ಎರಡು ಮಾತಿನಲ್ಲಿ ಕೊಟ್ಟುಬಿಟ್ಟ. ಕೊಡುವಾಗ ಅಂಗಿಯ ತುದಿಯಿಂದ ನನ್ನ ಮೈ ಒರೆಸಿದ, ಅಷ್ಟೇ.

ಯಮನಪ್ಪನ ಮನೆಗೆ ಬಂದೆ. ವಾದ್ಯದ ಕೆಲಸವೆಂದರೆ ಏನು, ತಿಂಗಳಿಗೊಮ್ಮೆ ಒಂದು ಚೂರು ಅರಗು ಕರಗಿಸುವುದು. ಉಳಿದ ದಿನವೆಲ್ಲ ಕ್ಲಾರಿನೆಟ್ಟಿನದೇ ದರ್ಬಾರು. ಅದನ್ನು ಮಗುವಿನಂತೆ ಬಿಚ್ಚಿ ಒರೆಸುವುದೇನು, ರೇಷ್ಮೆ ಬಟ್ಟೆಯಲ್ಲಿ ಸುತ್ತುವುದೇನು, ತುಟಿಗಿಟ್ಟು ಕಣ್ಣು ಮುಚ್ಚುವುದೇನು! ನಾನು ಪೆಟ್ಟಿಗೆಯ ಮೂಲೆಯಲ್ಲಿ ಉರಿಯುತ್ತಿದ್ದೆ, ಬೆಂಕಿಯಿಲ್ಲದೆಯೇ. ಆದರೆ ನನ್ನ ಅದೃಷ್ಟಕ್ಕೆ ಯಮನಪ್ಪ ನನ್ನನ್ನು ಕಿಸೆಯಲ್ಲಿಟ್ಟು ತಿರುಗತೊಡಗಿದ. ಮದುವೆಮನೆಯಲ್ಲಿ ಯಾರಾದರೂ “ಬೆಂಕಿ ಐತೇನ್ರಿ?” ಎಂದರೆ ಹೆಮ್ಮೆಯಿಂದ ನನ್ನನ್ನು ತೆಗೆಯುತ್ತಿದ್ದ. ಬೆಂಕಿ ಕೊಟ್ಟವನಿಗೆ ಒಂದು ಸಿಗರೇಟು ಕೊಡುವುದು ಮರ್ಯಾದೆ. ಮೊದಲ ವರ್ಷ ಮರ್ಯಾದೆಗಾಗಿ ಸೇದಿದ, ಎರಡನೆಯ ವರ್ಷ ಕೊಂಡು ಸೇದಿದ, ಮೂರನೆಯ ವರ್ಷ ಬೆಳಿಗ್ಗೆ ಎದ್ದು ನನ್ನನ್ನು ತಡಕಿದ. ಅವತ್ತು ನನಗಾದ ಸಂತೋಷ ಹೇಳತೀರದು. ಗೆದ್ದೆ ಎಂದುಕೊಂಡೆ.

ಈಗ ಒಂದು ಪದ್ಧತಿಯ ಬಗ್ಗೆ ಹೇಳಬೇಕು. ಯಮನಪ್ಪನ ತಂದೆ ಕಟ್ಟಿದ ಆ ಬ್ಯಾಂಡಿನಲ್ಲಿ, ತಾಳಿ ಕಟ್ಟುವಾಗ ಮೊದಲ ಗಂಟಿನಿಂದ ಮೂರನೆಯ ಗಂಟಿನವರೆಗೆ ಕ್ಲಾರಿನೆಟ್ಟು ಒಂದೇ ಸ್ವರವನ್ನು ಒಂದೇ ಉಸಿರಿನಲ್ಲಿ ಹಿಡಿಯಬೇಕು. ಅದಕ್ಕೆ ಗಂಟಿನ ಸ್ವರ ಎನ್ನುತ್ತಿದ್ದರು. ಗಲ್ಲದಲ್ಲಿ ಗಾಳಿ ತುಂಬಿಟ್ಟುಕೊಂಡು ಮೂಗಿನಿಂದ ಉಸಿರು ಕದಿಯುವ ಉಪಾಯ ಬಲ್ಲವರಿದ್ದಾರೆ, ಆದರೆ ಈ ಕಂಪನಿಯಲ್ಲಿ ಅದು ಕಳ್ಳತನ. ಸ್ವರ ನಡುವೆ ಮುರಿದರೆ ಮದುವೆಗೆ ಅಪಶಕುನ, ಕಂಪನಿಗೆ ಅವಮಾನ. ಮುರಿದವನು ಮುಂದಿನ ಜಾಗ ಬಿಟ್ಟು ಹಿಂದೆ ಸರಿಯಬೇಕು. ಹಿಂದೆಲ್ಲ ಮದುಮಗ ಚಕಚಕನೆ ಮೂರು ಗಂಟು ಬಿಗಿಯುತ್ತಿದ್ದ. ಈಗ ವಿಡಿಯೋದವನು “ಸ್ವಲ್ಪ ತಡೀರಿ, ಈ ಕಡೆ ನೋಡ್ರಿ, ನಗ್ರಿ” ಎನ್ನುತ್ತಾನೆ. ಮದುಮಗ ಗಂಟು ಹಿಡಿದುಕೊಂಡು ನಗುತ್ತಾನೆ, ಇತ್ತ ಯಮನಪ್ಪನ ಕತ್ತಿನ ನರ ಉಬ್ಬುತ್ತದೆ.

ಇಪ್ಪತ್ತೈದು ವರ್ಷ ಅವನು ಒಮ್ಮೆಯೂ ಮುರಿಯಲಿಲ್ಲ. ಐವತ್ತು ದಾಟಿದ ಮೇಲೆ ಬೆಳಗಿನ ಕೆಮ್ಮು ಶುರುವಾಯಿತು. ಇಮಾಮಸಾಬನದೇ ಕೆಮ್ಮು, ನನಗೆ ಗುರುತು ಸಿಕ್ಕಿತು. ಮೂರನೆಯ ಗಂಟು ಬರುವಷ್ಟರಲ್ಲಿ ಅವನ ಎದೆ ಒಳಗೇ ಗೊರಗೊರ ಎನ್ನುತ್ತಿದ್ದುದು ಅಂಗಿಯ ಕಿಸೆಯಲ್ಲಿದ್ದ ನನಗೆ ಮಾತ್ರ ಗೊತ್ತಿತ್ತು.

ಆಗ ಹಿಂದೆ ಸರಿಯಲು ಅವನು ತಯಾರಿರಲಿಲ್ಲ. ಕಾರಣ ಅವನ ಮಗಳು ಕಸ್ತೂರಿ. ಗಂಡುಮಕ್ಕಳಿಲ್ಲದ ಯಮನಪ್ಪ ಒಬ್ಬಳೇ ಮಗಳಿಗೆ ಒಂಬತ್ತನೆಯ ವಯಸ್ಸಿನಿಂದ ಕ್ಲಾರಿನೆಟ್ಟು ಕಲಿಸಿದ್ದ. ಈಗ ಅವಳಿಗೆ ಇಪ್ಪತ್ತು, ಕಾಲೇಜು ಮುಗಿಸುತ್ತಿದ್ದಳು. ಬೆರಳು ತಂದೆಗಿಂತ ಚುರುಕು, ಉಸಿರು ಮಾತ್ರ ಎರಡೂವರೆ ಗಂಟಿಗೆ ಮುಗಿಯುತ್ತಿತ್ತು. ಇನ್ನೆರಡು ವರ್ಷ ಬೇಕಿತ್ತು. ಅಷ್ಟರಲ್ಲಿ ಯಮನಪ್ಪ ಸ್ವರ ಮುರಿದರೆ ಮುಂದಿನ ಜಾಗ ಅವನ ಚಿಕ್ಕಪ್ಪನ ಮಗ, ಸ್ಯಾಕ್ಸೋಫೋನಿನ ಭರಮಪ್ಪನಿಗೆ ಹೋಗುತ್ತಿತ್ತು. ಭರಮಪ್ಪನ ಅಭಿಪ್ರಾಯ ಎಲ್ಲರಿಗೂ ಗೊತ್ತಿದ್ದದ್ದೇ. “ಹೆಣ್ಮಗಳನ್ನ ಬ್ಯಾಂಡಿನ ಮುಂದ ನಿಂದ್ರಿಸಿದ್ರ ಜನ ವಾದ್ಯ ಕೇಳೂದಿಲ್ಲಣ್ಣಾ, ಮಾರಿ ನೋಡ್ತಾರ.”

“ಇನ್ನೆರಡು ವರ್ಷ ಉಸಿರು ಉಳಿಸ್ಕೋಬೇಕು ನಾ,” ಎಂದು ಯಮನಪ್ಪ ಹೆಂಡತಿ ನೀಲವ್ವನ ಮುಂದೆ ಹೇಳುತ್ತಿದ್ದ.

“ಹಂಗಿದ್ರ ಆ ಸಿಗರೇಟ ಬಿಡ್ರಿ,” ಎನ್ನುತ್ತಿದ್ದಳು ನೀಲವ್ವ. “ಹೊಗಿ ಕುಡದು ಉಸಿರು ಉಳಸ್ತಾರಂತ!”

ಅವನು ಪ್ರಯತ್ನಪಟ್ಟ, ಸುಳ್ಳು ಹೇಳಬಾರದು. ಎರಡು ಸಲ ನನ್ನನ್ನು ಹಿಟ್ಟಿನ ಡಬ್ಬಿಯ ಹಿಂದೆ ಅಡಗಿಸಿಟ್ಟ. ಎರಡು ಸಲವೂ ಮೂರನೆಯ ದಿನಕ್ಕೆ ತಾನೇ ಬಂದು ತೆಗೆದ. ನಾನು ಹಿಟ್ಟು ಮೆತ್ತಿಕೊಂಡು ಹೊರಬಂದಾಗ ಮನಸ್ಸಿನಲ್ಲೇ ನಕ್ಕೆ.

ನನ್ನ ನಗು ಅಳಿಸಿದ್ದು ಲಕ್ಷ್ಮೇಶ್ವರದ ಒಂದು ಮದುವೆ. ಹೊಸ ಕಲ್ಯಾಣಮಂಟಪ, ಎಲ್ಲ ಏಸಿ, ಎಲ್ಲಿಯೂ ಸಿಗರೇಟು ಹಚ್ಚುವಂತಿಲ್ಲ. ಯಮನಪ್ಪ ಹಿಂಬಾಗಿಲಿನ ನೀರಿನ ಟಾಕಿಯ ಹತ್ತಿರ ನಿಂತು ನನ್ನನ್ನು ತೆಗೆಯುತ್ತಿದ್ದಾಗ ಮದುಮಗನ ಗೆಳೆಯನೊಬ್ಬ ಬಂದ. ಎಲ್ಲೋ ಮೊಬೈಲ್ ಅಂಗಡಿ ಇಟ್ಟವನಂತೆ. ಅವನ ಕೈಯಲ್ಲಿ ನೀಲಿ ಬಣ್ಣದ್ದೊಂದು, ದಪ್ಪ ಪೆನ್ನಿನಂಥದ್ದು ಇತ್ತು. ಚೀಪಿದರೆ ತುದಿಯಲ್ಲಿ ದೀಪ ಹೊತ್ತಿತು. ಬಾಯಿಂದ ಬಿಳಿ ಮೋಡ ಬಂತು. ಸುತ್ತ ಮಾವಿನಹಣ್ಣಿನ ವಾಸನೆ.

“ಇನ್ನೂ ಸಿಗರೇಟ್ ಸೇದ್ತೀರೇನ್ರಿ ಮಾಸ್ತರ? ಇದನ್ನ ತಗೋರಿ. ಇ-ಸಿಗರೇಟ್ ಅಂತಾರ. ಇದು ಹೊಗಿ ಅಲ್ರಿ, ಬರೇ ಉಗಿ. ಬೆಂಕಿ ಇಲ್ಲ, ಬೂದಿ ಇಲ್ಲ, ನಾತ ಇಲ್ಲ.”

“ಉಗಿ?” ಎಂದ ಯಮನಪ್ಪ. ಆ ಒಂದು ಮಾತು ಅವನ ಕಿವಿಯಲ್ಲಿ ಹೇಗೆ ಇಳಿಯಿತೆಂಬುದು ನಿಮಗೆ ತಿಳಿಯಬೇಕಾದರೆ, ಗಾಳಿವಾದ್ಯದವರ ಮನೆಯ ಬೆಳಗು ನೋಡಿರಬೇಕು. ಮದುವೆಯ ಸುಗ್ಗಿಗೆ ಮುಂಚೆ ಅವರು ದಿನಾ ಬೆಳಿಗ್ಗೆ ಕುದಿಯುವ ನೀರಿಗೆ ಓಮಿನಕಾಳು ಹಾಕಿ, ತಲೆಯ ಮೇಲೆ ದುಪ್ಪಟಿ ಹೊದ್ದು ಉಗಿ ತೆಗೆದುಕೊಳ್ಳುತ್ತಾರೆ. ಎದೆಯ ಕಫ ಕರಗುತ್ತದೆ, ಉಸಿರು ಉದ್ದವಾಗುತ್ತದೆ ಎನ್ನುವುದು ಮೂರು ತಲೆಮಾರಿನ ನಂಬಿಕೆ. ಯಮನಪ್ಪನ ಪಾಲಿಗೆ ಹೊಗೆ ಶತ್ರು, ಉಗಿ ಔಷಧ. ಈಗ ಯಾರೋ ಒಬ್ಬ ಸಿಗರೇಟಿನ ಸುಖವನ್ನು ಔಷಧದ ಹೆಸರಿನಲ್ಲಿ ತಂದು ಕೈಗಿಟ್ಟರೆ ಬೇಡ ಅನ್ನುವವರಾರು? ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಾನು ಕಿಸೆಯಲ್ಲೇ ಕೂಗಿದೆ. ಅದನ್ನು ಮಾರಬಾರದೆಂದು ಸರ್ಕಾರದ ಕಾನೂನೇ ಇದೆಯಂತೆ, ಅದಕ್ಕೇ ಆ ಗೆಳೆಯ ಡಬ್ಬಿಯ ಸಮೇತ ಹಳೆಯ ಪತ್ರಿಕೆಯಲ್ಲಿ ಸುತ್ತಿ ಕೊಟ್ಟ. ಔಷಧವನ್ನು ಯಾರಾದರೂ ಹಾಗೆ ಕದ್ದು ಕೊಡುತ್ತಾರೆಯೇ?

ಅವತ್ತಿನಿಂದ ಅಂಗಿಯ ಕಿಸೆ ಅದರ ಪಾಲಾಯಿತು. ಎದೆಯ ಮೇಲಿನ, ಗುಂಡಿಗೆಯ ಬಡಿತ ಕೇಳಿಸುವ ಕಿಸೆ. ಇಪ್ಪತ್ತೈದು ವರ್ಷ ಬೆಂಕಿ ಕೊಟ್ಟ ನಾನು ಪ್ಯಾಂಟಿನ ಕಿಸೆಗೆ ಇಳಿದೆ, ಅಲ್ಲಿಂದ ಚಿಲ್ಲರೆಯ ಜೊತೆ ಪ್ಲಾಸ್ಟಿಕ್ ಚೀಲಕ್ಕೆ, ಕೊನೆಗೆ ಕ್ಲಾರಿನೆಟ್ ಪೆಟ್ಟಿಗೆಯಲ್ಲಿ ಊದುವಾಗ ತುಟಿಗೆ ತಾಗುವ ರೀಡು ಪಟ್ಟಿಗಳನ್ನಿಡುವ ಪುಟ್ಟ ಖಾನೆಗೆ. ಅದಕ್ಕೆ ಮನೆಯವರು ಉಗಿ ಪೆನ್ನು ಎಂದು ಹೆಸರಿಟ್ಟರು. ನೋಡಿ, ನನಗೆ ಇಷ್ಟು ವರ್ಷದಲ್ಲಿ ಯಾರೂ ಹೆಸರಿಡಲಿಲ್ಲ! ಹುಟ್ಟಿದ ಊರು ಗೊತ್ತಿಲ್ಲ, ಮಾಡಿದ ಕೈ ಗೊತ್ತಿಲ್ಲ, ಮೈಯೆಲ್ಲ ಪ್ಲಾಸ್ಟಿಕ್ಕು, ಮೊಬೈಲಿನ ಪಕ್ಕ ವೈರು ಕಚ್ಚಿಕೊಂಡು ಕೂತು ಕರೆಂಟು ಕುಡಿಯುವ ಆ ಸೋಮಾರಿಗೆ ಹೆಸರು! ನೀಲವ್ವ ಕೂಡ ಅದರ ಕಡೆಯಾದಳು. “ನಾತ ಇಲ್ಲವಾ, ಮನಿ ಘಮಘಮ ಅಂತೈತಿ,” ಎಂದು ಓಣಿಯ ಹೆಂಗಸರಿಗೆ ಹೇಳಿದಳು. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದನಂತೆ. ನೋಡುತ್ತಿರಿ, ಎಷ್ಟು ದಿನ ಎಂದು ನಾನು ಹಲ್ಲು ಕಡಿದೆ.

ಪೆಟ್ಟಿಗೆಯೊಳಗಿಂದ ನಾನು ಬಹಳ ಕೇಳಿಸಿಕೊಂಡೆ. ಮದುವೆಮನೆಗಳ ಹಿಂಬಾಗಿಲಲ್ಲಿ ಯಮನಪ್ಪನ ಕೈಯಲ್ಲಿ ಆ ಪೆನ್ನು ನೋಡಿ ಎಷ್ಟೋ ಜನ ತಮ್ಮದನ್ನೂ ತೆಗೆಯುತ್ತಿದ್ದರು. ಒಬ್ಬನಿಗೆ ಸಿಗರೇಟು ಬಿಡಬೇಕಿತ್ತು. ಇನ್ನೊಬ್ಬನಿಗೆ ಮನೆಯಲ್ಲಿ ತಾಯಿಗೆ ವಾಸನೆ ಗೊತ್ತಾಗಬಾರದಿತ್ತು. ಒಬ್ಬ ಗೆಳೆಯರೆಲ್ಲ ಹಿಡಿದರೆಂದು ಹಿಡಿದ, ಮತ್ತೊಬ್ಬನಿಗೆ ದೀಪದ ಚಂದ, ಕಲ್ಲಂಗಡಿಯ ರುಚಿ. ಸಿಗರೇಟನ್ನೇ ಮುಟ್ಟದ ಹುಡುಗಿಯರೂ ಇದನ್ನು ಚಾಕಲೇಟಿನಂತೆ ಚೀಪುತ್ತಿದ್ದರು. ಬಿಡಬೇಕು ಅನ್ನುವವನಿಗೆ ಬಿಡದೆಯೇ ಬಿಟ್ಟಂತೆ ಕಾಣುವ ಒಂದು ದಾರಿ ಬೇಕು. ಹಿಡಿಯಬಾರದು ಅನ್ನುವವನಿಗೆ ಹಿಡಿದಿಲ್ಲವೆಂದು ಹೇಳಿಕೊಳ್ಳಲು ಒಂದು ನೆಪ ಬೇಕು. ಆ ನೀಲಿ ಕಳ್ಳ ಇಬ್ಬರಿಗೂ ಒದಗುತ್ತಿತ್ತು. ಅವರೆಲ್ಲರಲ್ಲಿ ನನ್ನ ಯಜಮಾನನ ಕಾರಣವೇ ಒಳ್ಳೆಯದು, ಮಗಳಿಗಾಗಿ ಉಸಿರು ಉಳಿಸುವುದು. ಅದಕ್ಕೇ ಅವನು ಎಲ್ಲರಿಗಿಂತ ಚೆನ್ನಾಗಿ ಮೋಸಹೋದ.

ಸಿಗರೇಟು ಸೇದುವಾಗ ಒಂದು ಮುಗಿದರೆ ಮುಗಿಯಿತು, ಮತ್ತೊಂದಕ್ಕೆ ಎದ್ದು ಹೊರಗೆ ಹೋಗಬೇಕು, ನನ್ನನ್ನು ತೆಗೆಯಬೇಕು. ಇದಕ್ಕೆ ಎದ್ದು ಹೋಗುವ ಕೆಲಸವೇ ಇಲ್ಲ. ಟಿವಿ ನೋಡುತ್ತ ಒಂದೆರಡು, ಊಟಕ್ಕೆ ಮುಂಚೆ ಒಂದೆರಡು, ಬಸ್ಸಿನಲ್ಲಿ ತಲೆ ಬಗ್ಗಿಸಿ ಒಂದೆರಡು. ನನ್ನ ಜೊತೆ ದಿನಕ್ಕೆ ಹತ್ತು ಸಲ ಇದ್ದ ಸಲಿಗೆ ಅದರ ಜೊತೆ ನೂರು ಸಲವಾಯಿತು. ಓಮಿನಕಾಳಿನ ಪಾತ್ರೆ ಅಟ್ಟ ಸೇರಿತು. ಕಸ್ತೂರಿ ಕೇಳಿದರೆ, “ನಂದು ಇದರಾಗ ಆತಲ್ಲವಾ. ಇದೂ ಉಗೀನ,” ಎನ್ನುತ್ತಿದ್ದ. ಆ ಮಾತನ್ನು ನೆನಪಿಟ್ಟುಕೊಳ್ಳಿ.

ರೋಣದ ಮದುವೆಯಲ್ಲಿ ನನ್ನ ದಿನ ಬಂತು. ಮುಹೂರ್ತಕ್ಕೆ ಇನ್ನು ಕಾಲು ಗಂಟೆಯಿರುವಾಗ ಪೆನ್ನಿನ ಚಾರ್ಜು ಮುಗಿಯಿತು. ಯಮನಪ್ಪ ಅದನ್ನು ಕುಟ್ಟಿದ, ಕೊಡವಿದ, ಊದಿದ. ದೀಪ ಹೊತ್ತಲಿಲ್ಲ. ಅವನ ಕೈ ಸಣ್ಣಗೆ ನಡುಗತೊಡಗಿತು. ಡ್ರಮ್ಮಿನವನ ಹತ್ತಿರ ಒಂದು ಸಿಗರೇಟು ಕೇಳಿ ಪಡೆದು, ಪೆಟ್ಟಿಗೆ ತೆರೆದು ನನ್ನನ್ನು ಎತ್ತಿಕೊಂಡ. ಎಂಟು ತಿಂಗಳ ಮೇಲೆ ಸಿಗರೇಟಿಗಾಗಿ ಆ ಹೆಬ್ಬೆರಳು! ನನ್ನೊಳಗೆ ಪೆಟ್ರೋಲು ಆರಿ ಹೆಚ್ಚುಕಡಿಮೆ ಏನೂ ಇರಲಿಲ್ಲ. ಆದರೂ ಒಂದೇ ತಿರುವಿಗೆ ಹೊತ್ತಿದೆ. ಅಷ್ಟು ಚೆನ್ನಾಗಿ ಹುಟ್ಟಿದ ದಿನವೂ ಹೊತ್ತಿರಲಿಲ್ಲ. ಹೇಗಿದೆ ಮಗನೇ, ಎಂದು ಅಂಗಿಯ ಕಿಸೆಯ ಕಡೆ ನೋಡಿದೆ.

ಆ ಮೇಲೆ ಗಂಟಿನ ಸ್ವರ. ಮೊದಲ ಗಂಟು ಬಿತ್ತು. ವಿಡಿಯೋದವನು ಎರಡನೆಯದನ್ನು ತಡೆದು ನಿಲ್ಲಿಸಿದ. ಮೂರನೆಯ ಗಂಟಿಗೆ ಮದುಮಗನ ಬೆರಳು ದಾರ ಸುತ್ತುತ್ತಿದ್ದಾಗ ಸ್ವರ ತಟ್ಟನೆ ಕಡಿಯಿತು. ಒಂದು ಕ್ಷಣ ಅಷ್ಟೇ. ಡ್ರಮ್ಮಿನವನು ಅದೇ ಕ್ಷಣದಲ್ಲಿ ಜೋರಾಗಿ ಉರುಳಿಕೆ ಬಾರಿಸಿ ಅದನ್ನು ಮುಚ್ಚಿದ, ಅಕ್ಕಿಕಾಳು ಬಿದ್ದವು, ಜನ ನಕ್ಕರು. ಭರಮಪ್ಪ ಮಾತ್ರ ಸ್ಯಾಕ್ಸೋಫೋನ್ ಬಾಯಿಂದ ತೆಗೆದು ಅಣ್ಣನ ಮುಖ ನೋಡಿದ. 

ಮನೆಗೆ ಬಂದ ಯಮನಪ್ಪ ತಪ್ಪನ್ನು ಯಾರ ಮೇಲೆ ಹೊರಿಸಿದ ಗೊತ್ತೇ? “ಎಂಟು ತಿಂಗಳಿಗೆ ಒಂದ ಸಿಗರೇಟ ಸೇದಿದ್ದಕ್ಕ ಹಿಂಗಾತು ನೋಡು. ಉಗಿ ಇದ್ದಿದ್ರ ಆಗತಿರಲಿಲ್ಲ,” ಎಂದು ನೀಲವ್ವನಿಗೆ ಹೇಳಿದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನನ್ನು ಕಸ್ತೂರಿಯ ಹಳೆಯ ಕ್ಲಾರಿನೆಟ್ ಪೆಟ್ಟಿಗೆಗೆ ಎಸೆದ. ಆ ಕಳ್ಳನಿಗೆ ಮಾತ್ರ ಹೊಸ ವೈರು ಬಂತು.

ಆಷಾಢ ಬಂತು. ಮದುವೆಗಳಿಲ್ಲ, ದಿನವಿಡೀ ಅಭ್ಯಾಸ. ಮನೆಯ ಹಿತ್ತಿಲಿನಲ್ಲಿ ಕಸ್ತೂರಿ ಸ್ವರ ಹಿಡಿಯುವಳು. ನೀಲವ್ವ ಹೊರಸಿನ ಕಾಲಿಗೆ ಅರಿಶಿನದ ದಾರದಿಂದ ನಿಧಾನವಾಗಿ ಮೂರು ಗಂಟು ಹಾಕುವಳು. ಮೊದಲ ವಾರ ಹುಡುಗಿ ಮೂರನೆಯ ಗಂಟಿನ ಅಂಚಿಗೆ ಬಂದಳು. ಯಮನಪ್ಪನ ಕಣ್ಣು ಹೊಳೆಯಿತು. ಆದರೆ ಎರಡನೆಯ ವಾರ ಅವಳು ಹಿಂದಕ್ಕೆ ಹೋದಳು. ಮೂರನೆಯ ವಾರ ಎರಡನೆಯ ಗಂಟಿಗೇ ಕೆಮ್ಮಿ ನಿಲ್ಲಿಸಿದಳು.

“ಲಕ್ಷ್ಯ ಎಲ್ಲೈತಿ ನಿಂದು?” ಎಂದು ಯಮನಪ್ಪ ಗದರಿದ.

“ಊದಾಕ ಹತ್ತೀನಪಾ, ಸಾಲೂದಿಲ್ಲ. ವಾದ್ಯಾನ ಎಲ್ಲರೆ ಸೋರಾಕತ್ತೈತೇನ ನೋಡು.”

ಸೋರಿಕೆ ಇರಬಹುದೆಂದು ಅವನಿಗೂ ಅನ್ನಿಸಿತು. ಮಗಳ ಪೆಟ್ಟಿಗೆ ತೆರೆದ, ನನ್ನನ್ನು ತೆಗೆದ, ಪೆಟ್ರೋಲು ಹನಿಸಿದ. ಒಂದೊಂದೇ ಕೀಲಿಯನ್ನು ಕಾಯಿಸಿ, ಅರಗು ಕರಗಿಸಿ, ಪ್ಯಾಡುಗಳನ್ನೆಲ್ಲ ಮತ್ತೆ ಕೂರಿಸಿದ. ಬಲಗೈಯಲ್ಲಿ ವಾದ್ಯವೆತ್ತಿ, ಪರೀಕ್ಷೆಗೆಂದು ತುಟಿಯ ಹತ್ತಿರ ಒಯ್ದವನು ಹಾಗೇ ನಿಂತ. ಮೂಗಿನ ಹತ್ತಿರ ತಂದು ಮತ್ತೆ ಮೂಸಿದ.

“ಏ ಕಸ್ತೂರಿ, ಈ ರೀಡ್ ಯಾಕ ಮಾವಿನಹಣ್ಣಿನ ವಾಸನಿ ಹೊಡಿತೈತಿ?”

“ಉಗಿ ತಗೊಂಡಿದ್ನೆಪಾ.” ಹುಡುಗಿಯ ದನಿಯಲ್ಲಿ ಕದ್ದ ಅಳುಕು ಸ್ವಲ್ಪವೂ ಇರಲಿಲ್ಲ. “ಮೂರು ವಾರ ಆತು. ಒಲಿ ಹಚ್ಚೂದು, ನೀರು ಕಾಸೂದು ಯಾಕ ಅಂತ, ಮುಂಜಾನೆ ನೀ ಜಳಕಕ್ಕ ಹ್ವಾದಾಗ ನಿನ್ನ ಪೆನ್ನಿನಾಗ ತಗೋತೀನಿ. ನೀನ ಹೇಳಿದೆಲ್ಲಾ, ಇದೂ ಉಗೀನ ಅಂತ. ಉಸಿರು ಉದ್ದ ಆಕ್ಕೈತಿ ಅಂತ.”

ನಾನು ಆಗ ಅವನ ಎಡಗೈಯಲ್ಲಿ ಇನ್ನೂ ಉರಿಯುತ್ತಿದ್ದೆ. ಆರಿಸುವುದನ್ನು ಅವನು ಮರೆತ. ನನ್ನ ಮೈ ಕಾದು ಅವನ ಬೆರಳು ಸುಟ್ಟಿತು. ಕೈ ಕೊಡವಿದ, ನಾನು ಅಂಗಳದ ಕಲ್ಲಿನ ಮೇಲೆ ಬಿದ್ದೆ. ಅಲ್ಲಿಂದಲೇ ಮೇಲೆ ನೋಡಿದೆ. ಆ ಮುಖವನ್ನು ಇಪ್ಪತ್ತಾರು ವರ್ಷದಿಂದ ಕೆಳಗಿನಿಂದಲೇ ನೋಡಿದ್ದೇನೆ. ಅಷ್ಟು ಹೆದರಿದ್ದನ್ನು ಎಂದೂ ನೋಡಿರಲಿಲ್ಲ.

ಅವನು ಒಳಗೆ ಹೋಗಿ ಆ ಪೆನ್ನಿನ ಖಾಲಿ ಡಬ್ಬಿ ತಂದ. ಲಕ್ಷ್ಮೇಶ್ವರದಲ್ಲಿ ಪತ್ರಿಕೆಯಲ್ಲಿ ಸುತ್ತಿ ಕೊಟ್ಟದ್ದು. ಅದನ್ನು ಎಸೆದಿರಲಿಲ್ಲ, ಟ್ರಂಕಿನ ತಳದಲ್ಲಿಟ್ಟಿದ್ದ. ಅವನಿಗೆ ಇಂಗ್ಲಿಷ್ ಬಾರದು. ಓದಬಲ್ಲ ಮಗಳು ಮನೆಯಲ್ಲೇ ಇದ್ದಳು. ಒಂದು ವರ್ಷ ಅವಳನ್ನು ಕೇಳಿರಲಿಲ್ಲ, ಕೇಳಿದರೆ ಗೊತ್ತಾಗಿಬಿಡುತ್ತದಲ್ಲ.

“ಓದು,” ಎಂದ.

ಕಸ್ತೂರಿ ತಿರುಗಿಸಿ ಮುರುಗಿಸಿ ಸಣ್ಣ ಅಕ್ಷರ ಓದಿದಳು. “ಇದರಾಗ ನಿಕೋಟಿನ್ ಐತಿ ಅಂತ ಬರದಾರಪಾ. ಚಟಾ ಹಿಡಸ್ತೈತಿ ಅಂತ.” ಡಬ್ಬಿಯಿಂದ ತಲೆಯೆತ್ತಿ, “ಸಿಗರೇಟಿನಾಗ ಇರತೈತಲ್ಲಾ, ಅದ ನಿಕೋಟಿನ್ ಏನು ಇದು?” ಎಂದಳು.

“ಅದ.” ಯಮನಪ್ಪ ಹೊರಸಿನ ಮೇಲೆ ಕುಸಿದು ಕೂತ. “ಅದು ಉಗಿ ಅಲ್ಲವ್ವಾ. ನನಗ ಗೊತ್ತಿತ್ತು. ಚಾರ್ಜ್ ಹ್ವಾದ ದಿನಾ ಕೈ ನಡಗಿದಾಗ ಗೊತ್ತಾತು. ಓಮಿನಕಾಳ ನೀರು ಇಲ್ಲಂದ್ರ ಯಾರ ಕೈಯರ ನಡಗತಾವೇನು?”

ನೀಲವ್ವ ಹಾಕುತ್ತಿದ್ದ ಗಂಟನ್ನು ಅರ್ಧಕ್ಕೇ ಬಿಟ್ಟು ಸೆರಗು ಬಾಯಿಗಿಟ್ಟುಕೊಂಡಳು.

ನಿಜ ಹೇಳಬೇಕೆಂದರೆ ನಾನು ಹಿಗ್ಗಿದೆ. ಕಳ್ಳ ಸಿಕ್ಕಿಬಿದ್ದ, ಇನ್ನು ನನ್ನ ಕಾಲ ಎಂದುಕೊಂಡೆ. ಆದರೆ ಯಮನಪ್ಪ ಆ ಪೆನ್ನನ್ನು ಕಿಸೆಯಿಂದ ತೆಗೆದು ನೆಲದ ಮೇಲಿಟ್ಟ, ನನ್ನನ್ನೂ ಎತ್ತಿ ಅದರ ಪಕ್ಕದಲ್ಲೇ ಇಟ್ಟ. ಇಬ್ಬರನ್ನೂ ಒಂದೇ ಸಾಲಿನಲ್ಲಿ. ನನ್ನ ಜೀವನದಲ್ಲಿ ಅದಕ್ಕಿಂತ ದೊಡ್ಡ ಅವಮಾನವಾಗಿಲ್ಲ. ಅದಕ್ಕಿಂತ ಸರಿಯಾದ ತೀರ್ಪೂ ಬಂದಿಲ್ಲ.

ಮರುದಿನ ಬ್ಯಾಂಡಿನವರನ್ನೆಲ್ಲ ಮನೆಗೆ ಕರೆದು ಮಂಡಕ್ಕಿಯ ಗಿರಮಿಟ್ಟು, ಚಹಾ ಕೊಟ್ಟ. “ರೋಣದಾಗ ನನ್ನ ಸ್ವರ ಮುರೀತು,” ಎಂದ. “ಡ್ರಮ್ಮಿನಾಗ ಮುಚ್ಚಿದ್ರಿ, ನಾನೂ ಸುಮ್ಮನಾದೆ. ಪದ್ಧತಿ ಪ್ರಕಾರ ನಾ ಹಿಂದ ಸರೀಬೇಕು.”

“ಗೊತ್ತೈತಣ್ಣಾ,” ಎಂದ ಭರಮಪ್ಪ. “ನೀನ ಹೇಳ್ಲಿ ಅಂತ ಸುಮ್ಮನಿದ್ದೆ.”

“ಈ ವರ್ಷ ನೀ ಮುಂದ ನಿಂದರು. ಬರೂ ಆಷಾಢಕ್ಕ ಕಸ್ತೂರಿ ಗಂಟು ಹಿಡೀತಾಳ. ಅಪ್ಪ ಪದ್ಧತಿ ಹಾಕಿದಾಗ ಸ್ವರ ಮುರೀಬಾರದು ಅಂದಾನ. ಗಂಡಸ ಇರಬೇಕು ಅಂದಿಲ್ಲ.”

ಭರಮಪ್ಪ ಚಹಾದ ಬಟ್ಟಲು ಕೆಳಗಿಟ್ಟ. “ಹಿಡೀಲಿ ಬಿಡಣ್ಣಾ. ಆದ್ರ ಗಂಟು ಹಾಕಾಂವ ನಾ,” ಎಂದ.

ಕಸ್ತೂರಿಗೆ ಬಿಡುವುದು ಅಷ್ಟು ಕಷ್ಟವಾಗಲಿಲ್ಲ, ಮೂರು ವಾರದ್ದು. ನಾಲ್ಕೈದು ದಿನ ಸಿಡಿಮಿಡಿ ಎಂದಳು, ಮುಗಿಯಿತು. ಯಮನಪ್ಪನದು ನನ್ನ ಕಾಲದಿಂದ ಬಂದದ್ದು. ಡಾಕ್ಟರ ಹತ್ತಿರ ಹೋದ, ಮೊದಲ ತಿಂಗಳು ಎರಡು ಸಲ ಮತ್ತೆ ಚಟಕ್ಕೆ ಬಿದ್ದ, ಎದ್ದ. ಒಂದು ದಿನ ಬೆಳಿಗ್ಗೆ ಪೆಟ್ಟಿಗೆ ತೆರೆದು ನನ್ನನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ಕೂತಿದ್ದ. ಹಿತ್ತಾಳೆ ಬೆಚ್ಚಗಾಗುವಷ್ಟು ಹೊತ್ತು. ಗಾಲಿ ತಿರುವು ಎಂದು ನಾನು ಬೇಡಿಕೊಂಡೆ. ಕಸ್ತೂರಿ ಹಿತ್ತಿಲಿನಲ್ಲಿ ಸ್ವರ ಹಿಡಿದಳು. ಅವನು ನನ್ನನ್ನು ಖಾನೆಯಲ್ಲಿಟ್ಟು ಮುಚ್ಚಳ ಹಾಕಿ, ಓಮಿನಕಾಳಿನ ಪಾತ್ರೆ ಅಟ್ಟದಿಂದ ಇಳಿಸಲು ಹೋದ. ಅದು ಅವನ ಬೆರಳು ನನ್ನನ್ನು ತಡಕಿದ ಕೊನೆಯ ಸಲ. ಆ ನೀಲಿ ಪೆನ್ನು ಹಳೆಯ ಚಾರ್ಜರುಗಳ ಡಬ್ಬಿ ಸೇರಿ, ಮೊಬೈಲ್ ರಿಪೇರಿಯವನ ಗುಜರಿಗೆ ಹೋಯಿತು. ನನಗೆ ಅಯ್ಯೋ ಅನಿಸಲಿಲ್ಲ. ಅನಿಸಿತೆಂದು ಹೇಳಿದರೆ ಕತೆ ಚಂದವಾಗುತ್ತಿತ್ತು.

ಮುಂದಿನ ಆಷಾಢದಲ್ಲಿ ಭರಮಪ್ಪ ಹೊರಸಿನ ಕಾಲಿನ ಮುಂದೆ ಕೂತ. ದುಷ್ಟ ಮನುಷ್ಯ, ಎಂಥ ಗಂಟುಗಳು ಅವು! ಮೊದಲನೆಯದನ್ನು ಹಾಕಿ ಸರಿಯಾಗಿಲ್ಲವೆಂದು ಬಿಚ್ಚಿದ. ಎರಡನೆಯದಕ್ಕೆ ದಾರಕ್ಕೆ ಉಗುಳು ಹಚ್ಚಿ ತುದಿ ಹೊಸೆದ. ಮೂರನೆಯದಕ್ಕೆ ವಿಡಿಯೋದವನ ಹಾಗೆ ತಲೆ ಓರೆ ಮಾಡಿ ನೋಡಿದ. ಸ್ವರ ನಿಂತೇ ಇತ್ತು. ಯಮನಪ್ಪ ಮಗಳ ಉಸಿರಿನ ಜೊತೆ ತನ್ನದನ್ನೂ ಹಿಡಿದು ಕೆಂಪಾಗಿದ್ದ. ಮೂರನೆಯ ಗಂಟು ಬಿಗಿದ ಮೇಲೂ ಭರಮಪ್ಪ ಅದನ್ನು ಎಳೆದೆಳೆದು ಪರೀಕ್ಷಿಸಿದ. ಸ್ವರ ಆಗಲೂ ನಿಂತಿತ್ತು.

“ಸಾಕವ್ವಾ, ಬಿಡು. ಗಂಟು ಗಟ್ಟಿ ಐತಿ,” ಎಂದ ಭರಮಪ್ಪ.

ಈಗ ನಾನು ಮುದಿಯಾಗಿದ್ದೇನೆ. ಗಾಲಿಯ ಹಲ್ಲು ಸವೆದಿದೆ, ಹೊಟ್ಟೆಯಲ್ಲಿ ಇಮಾಮಸಾಬ ಇಟ್ಟ ಹತ್ತಿಯೇ ಇದೆ. ಕಸ್ತೂರಿಯ ಪೆಟ್ಟಿಗೆಯಲ್ಲಿ ರೀಡುಗಳ ಪಕ್ಕ ಮಲಗಿರುತ್ತೇನೆ. ತಿಂಗಳಿಗೊಮ್ಮೆ ಹೊತ್ತುತ್ತೇನೆ, ಅರಗು ಕರಗಿಸುತ್ತೇನೆ, ಅವಳ ಉಸಿರು ಸೋರುವ ತೂತು ಮುಚ್ಚುತ್ತೇನೆ. ಹೊಟ್ಟೆಕಿಚ್ಚು ಹೋಗಿದೆ ಎಂದುಕೊಳ್ಳಬೇಡಿ. ಈಗಲೂ ಇದೆ, ಮೊದಲಿನಂತೆ ಕ್ಲಾರಿನೆಟ್ಟಿನ ಮೇಲೆ. ಆದರೆ ಅದರ ಮುಂದೆ ನಾನು ಬಾಯಿ ತೆರೆಯುವುದಿಲ್ಲ. ಅವರ ಉಸಿರನ್ನು ನಾನೂ ತಿಂದೆ, ಆ ನೀಲಿ ಪೆನ್ನೂ ತಿಂದಿತು. ಕ್ಲಾರಿನೆಟ್ಟು ಮಾತ್ರ ತೆಗೆದುಕೊಂಡದ್ದನ್ನು ಸ್ವರ ಮಾಡಿ ತಿರುಗಿ ಕೊಟ್ಟಿತು.

ಮೊನ್ನೆ ಒಂದು ಮದುವೆಮನೆಯಲ್ಲಿ ಕಸ್ತೂರಿ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಪ್ಯಾಡು ಕೂರಿಸುತ್ತಿದ್ದಳು. ಬೀಗರ ಕಡೆಯವನೊಬ್ಬ ಸಿಗರೇಟು ಬಾಯಲ್ಲಿಟ್ಟುಕೊಂಡು ಬಂದ. ನನ್ನ ಉರಿ ನೋಡಿ ಬಗ್ಗಿದ. “ಲೈಟರ್ ಭಾಳ ಚಂದೈತ್ರಿ. ಸ್ವಲ್ಪ ಬೆಂಕಿ ಕೊಡ್ರೆಲಾ.”

ನನ್ನ ಹಳೆಯ ಚಟ ಒಮ್ಮೆ ಎದ್ದು ನಿಂತಿತು. ಕಸ್ತೂರಿ ನನ್ನ ಉರಿಯನ್ನು ಅಂಗೈಯಲ್ಲಿ ಮರೆಮಾಡಿ ಆರಿಸಿದಳು. ಇಮಾಮಸಾಬನನ್ನು ಅವಳು ಕಂಡವಳಲ್ಲ, ‘ವಾದ್ಯದ ಕೆಲಸಕ್ಕ ಇರಲಿ’ ಎಂಬ ಅವನ ಮಾತನ್ನು ಕೇಳಿದವಳೂ ಅಲ್ಲ.

“ಇದನ್ನ ಕೊಡಾಕ ಬರೂದಿಲ್ರಿ,” ಎಂದಳು. “ಇದು ವಾದ್ಯದ್ದು.”